ಗುಡ್ಡದ ನೆತ್ತಿ

ಬೇಸಿಗೆ ರಜೆ ಬಂತೆಂದರೆ ತರೀಕೆರೆಯ ನಮ್ಮ ಮನೆಗೆ ಎರಡು ದಿಕ್ಕಿನಿಂದ ಮಕ್ಕಳು ಬರುತ್ತಿದ್ದರು. ಕಡೂರಿನಿಂದ ದೊಡ್ಡಮ್ಮನ ಮಕ್ಕಳು ಮೂವರು, ಅಜ್ಜಂಪುರದಿಂದ ಚಿಕ್ಕಪ್ಪನ ಮಕ್ಕಳಿಬ್ಬರು. ಎರಡೂ ಬಯಲುಸೀಮೆ. ಏಪ್ರಿಲ್ ಹೊತ್ತಿಗೆ ಅವರೂರಿನ ಕೆರೆ ಅಂಗಳದಲ್ಲಿ ಹುಡುಗರು ಚೆಂಡಾಡುತ್ತಿದ್ದರಂತೆ. ನಮಗೋ ಸುಮಾರು ಇಪ್ಪತ್ತು ಕಿಲೋಮೀಟರಿನಾಚೆ, ಲಕ್ಕವಳ್ಳಿಯಲ್ಲಿ, ಕಣ್ಣಿಗೆ ದಡ ಹತ್ತದಷ್ಟು ನೀರು. ಮಲ್ಪೆಯನ್ನಾಗಲೀ ಗೋಕರ್ಣವನ್ನಾಗಲೀ ಯಾರೂ ಕಂಡಿರಲಿಲ್ಲ. ಭದ್ರಾ ಹಿನ್ನೀರೇ ನಮ್ಮ ಸಮುದ್ರ. ಅದರ ನಡುಗಡ್ಡೆಗೆ ಹೋಗಿ ಒಂದು ಇಡೀ ದಿನ ಕಳೆದು ಬರುವುದೇ ನಮ್ಮ ರಜೆ.

1983ರ ಬೇಸಿಗೆಯ ಆ ದಿನ ಎರಡು ತೆಪ್ಪಗಳಲ್ಲಿ ಹೊರಟೆವು. ಮೀನು ಹಿಡಿಯುವವರ ತೆಪ್ಪ, ಬಿದಿರಿನ ಹೆಣಿಗೆ, ತಳಕ್ಕೆ ಟಾರು ಬಳಿದದ್ದು. ಒಂದರಲ್ಲಿ ಅಪ್ಪ, ಅಮ್ಮ, ಬುತ್ತಿಯ ಡಬ್ಬಿಗಳು: ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನ. ಇನ್ನೊಂದರಲ್ಲಿ ಮಕ್ಕಳು, ಅಜ್ಜಿ, ನಮ್ಮ ನಾಯಿ ರಾಜ. ತೆಪ್ಪ ಗಿರ್ರನೆ ಒಂದು ಸುತ್ತು ತಿರುಗಿದಾಗ ರಾಜ ಹೆದರಿ ಅಜ್ಜಿಯ ಸೆರಗಿನೊಳಗೆ ಮೂತಿ ತೂರಿಸಿದ್ದ. ನೀರಿನಿಂದ ಎದ್ದು ನಿಂತ ಒಣಮರಗಳ ನಡುವೆ ಹಾದು ಹೋಗುವಾಗ ಅಜ್ಜಿ ನೀರಿನ ಮೇಲೆ ಬೆರಳು ಚಾಚಿ ಒಂದೊಂದೇ ಹೇಳತೊಡಗಿದಳು. "ಇಲ್ಲಿ ಹುಣಸೆಮರ ಇತ್ತು. ಇಲ್ಲಿ ಬಾವಿ. ಇದು ನಮ್ ಕೊಟ್ಟಿಗೆ ಜಾಗ." ನಾವು ಬಗ್ಗಿ ನೋಡಿದೆವು. ಹಸಿರು ನೀರು, ಅಷ್ಟೇ. ಎದುರಿಗಿದ್ದ ನಡುಗಡ್ಡೆಯನ್ನು ತೋರಿಸಿ ಅಂದಳು: "ಅದು ನಡುಗಡ್ಡೆ ಅಲ್ಲ ಕಣ್ರೋ. ನಮ್ಮೂರ ಗುಡ್ಡದ ನೆತ್ತಿ."

ಭದ್ರಾ ಅಣೆಕಟ್ಟಿನ ಕೆಲಸ 1940ರ ದಶಕದ ಕೊನೆಯಲ್ಲಿ ಶುರುವಾಗಿ 1960ರ ದಶಕದವರೆಗೂ ನಡೆಯಿತು. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿ ಬರುವ ಹೊಳೆಯನ್ನು ಎರಡು ಗುಡ್ಡಸಾಲುಗಳ ನಡುವೆ ಕಟ್ಟಿ ನಿಲ್ಲಿಸಿದರು. ಪೂರ್ತಿ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನಾಲೆಗಳಲ್ಲಿ ಈ ನೀರು ಹೋಗುತ್ತದೆ. ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದ ಗದ್ದೆಗಳು ಇದರಿಂದಲೇ ಬದುಕಿದವು. ದಾವಣಗೆರೆಯ ಅಕ್ಕಿಯನ್ನು ನಾವೂ ಉಂಡಿದ್ದೇವೆ. ಆ ಅನ್ನಕ್ಕೆ ಎರಡು ಮಾತಾಡಲಾರೆ. ಆದರೆ ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ ಮುಳುಗಿತು. ಗದ್ದೆ, ತೋಟ, ಕಾಡು, ಊರು ಎಲ್ಲ. ತರೀಕೆರೆಯಿಂದ ಲಕ್ಕವಳ್ಳಿಯ ಮೇಲೆ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲೊಂದು ಓಡಾಡುತ್ತಿತ್ತು. ಊರವರು ಅದನ್ನು ಟ್ರಾಮ್ ಅನ್ನುತ್ತಿದ್ದರು. ಅಜ್ಜಿ ಮದುವೆಯಾಗಿ ಬಂದದ್ದು ಆ ಟ್ರಾಮಿನಲ್ಲೇ, ತೊಡೆಯ ಮೇಲೆ ಟ್ರಂಕು ಇಟ್ಟುಕೊಂಡು. ಈಗ ಆ ರೈಲೂ ಇಲ್ಲ, ಹಳಿಯೂ ಇಲ್ಲ.

"ಮುಳುಗಡೆ" ಎಂಬ ಪದವನ್ನು ನಮ್ಮ ಕಡೆ ಹಬ್ಬ, ಬರ, ಪ್ಲೇಗಿನ ಹಾಗೆ ಕಾಲ ಗುರುತಿಸಲು ಬಳಸುತ್ತಾರೆ. ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ. ಅಜ್ಜಿ ತನ್ನೂರನ್ನು ಹೆಸರು ಹಿಡಿದು ಹೇಳಿದ್ದನ್ನು ನಾನು ಕೇಳಿಲ್ಲ. "ನಮ್ಮೂರು" ಅಂದರೆ ಅದೊಂದೇ. ಗಾಡಿಗೆ ಒರಳುಕಲ್ಲು, ದೇವರಪೆಟ್ಟಿಗೆ, ಕದದ ಹಲಗೆ ಎಲ್ಲ ಹೇರಿ ಹೊರಟ ದಿನ ಅವರ ನಾಯಿ ಕೆಂಚ ಗಾಡಿಯ ಹಿಂದೆ ಊರ ಬಾಗಿಲವರೆಗೆ ಬಂದು ನಿಂತುಬಿಟ್ಟಿತಂತೆ. ಎಷ್ಟು ಕರೆದರೂ ಬರಲಿಲ್ಲ. ಅಜ್ಜ ಎರಡು ಸಲ ಹಿಂದಿರುಗಿ ಹಗ್ಗ ಕಟ್ಟಿ ಎಳೆದು ತಂದ. ಎರಡು ಸಲವೂ ಹಗ್ಗ ಕಚ್ಚಿ ಓಡಿತು. ಸೂರು ಬಿಚ್ಚಿದ ಮನೆಯ ಜಗುಲಿಯ ಮೇಲೆ ಮಲಗುತ್ತಿತ್ತು. ಮಳೆಗಾಲದಲ್ಲಿ ನೀರು ಜಗುಲಿಗೆ ಬಂದಾಗ ಗುಡ್ಡ ಹತ್ತಿತು. ನೀರು ಗುಡ್ಡವನ್ನೂ ಸುತ್ತಿಕೊಂಡ ಮೇಲೆ ಅಜ್ಜ ತೆಪ್ಪದಲ್ಲಿ ಹೋದ. ಈ ಸಲ ಕರೆಯಬೇಕಾಗಲಿಲ್ಲವಂತೆ. ತಾನೇ ಈಜಿ ಬಂತು. ಹೊಸ ಮನೆಯಲ್ಲಿ ನಾಲ್ಕು ವರ್ಷ ಇತ್ತು, ಅದೇ ಗಾಡಿಯ ಕೆಳಗೆ ಮಲಗುತ್ತ.

ನಾವು ಗುಡ್ಡದ ನೆತ್ತಿಗೆ ಇಳಿದಾಗ ಬಿಸಿಲು ಏರಿತ್ತು. ದಂಡೆಯ ತುಂಬ ಕೆಂಪು ನೊರಜುಗಲ್ಲು, ಅದರ ಮೇಲೆ ನೀರು ಇಳಿದಂತೆಲ್ಲ ಬಿಟ್ಟುಹೋದ ಗೆರೆಗಳು, ಮೆಟ್ಟಿಲಿನ ಹಾಗೆ. ಈ ನಡುಗಡ್ಡೆಗಳಿಗೆ ವರ್ಷಪೂರ್ತಿ ಆಯುಷ್ಯವಿಲ್ಲ. ಮಳೆ ನಿಂತು, ದಾವಣಗೆರೆ ಕಡೆಯ ಬೇಸಿಗೆ ಬೆಳೆಗೆ ಜನವರಿ ಹೊತ್ತಿಗೆ ನಾಲೆಗೆ ನೀರು ಬಿಟ್ಟಂತೆ ಹಿನ್ನೀರು ಇಳಿಯುತ್ತದೆ, ಒಂದೊಂದೇ ನೆತ್ತಿ ಮೇಲೇಳುತ್ತದೆ. ಆ ಹೊತ್ತಿಗೆ ಸರಿಯಾಗಿ ರಿವರ್ ಟರ್ನ್ ಹಕ್ಕಿಗಳು ಬಂದು ಸೇರುತ್ತವೆ. ಹಕ್ಕಿ ಪುಸ್ತಕಗಳಲ್ಲಿ ಇದನ್ನು ರೀವ ಎಂದೂ ಬರೆಯುತ್ತಾರೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿಯಂಥ ಬಾಲ. ಗೂಡು ಕಟ್ಟುವುದಿಲ್ಲ. ಬರಿ ನೆಲದಲ್ಲಿ ಸಣ್ಣ ತಗ್ಗು ಮಾಡಿ ಎರಡು ಮೂರು ಮೊಟ್ಟೆ ಇಡುತ್ತವೆ. ಬಿಸಿಲಿಗೆ ಮೊಟ್ಟೆ ಬೇಯದಿರಲೆಂದು ನೀರಿಗೆ ಹೋಗಿ ಎದೆಯ ಗರಿ ತೋಯಿಸಿಕೊಂಡು ಬಂದು ಕೂರುತ್ತವೆ. ಜೂನಿನ ಮಳೆಗೆ ನೀರು ಏರುವ ಮುಂಚೆ ಮರಿಗಳಿಗೆ ರೆಕ್ಕೆ ಬಲಿಯಬೇಕು. ಎಲ್ಲೋ ದೂರದ ಗದ್ದೆಗೆ ಹೋಗುವ ನೀರು ಇವುಗಳ ಸಂಸಾರದ ಲೆಕ್ಕ ನಿರ್ಧರಿಸುತ್ತದೆ.

ಇದಾವುದೂ ಅಂದು ನಮಗೆ ಗೊತ್ತಿರಲಿಲ್ಲ. ತೆಪ್ಪದಿಂದ ಇಳಿದವನೇ ರಾಜ ಓಡಿದ. ಕ್ಷಣದಲ್ಲಿ ನೂರಾರು ಹಕ್ಕಿ ಒಟ್ಟಿಗೆ ಎದ್ದು ಕಿರುಚತೊಡಗಿದವು, ನಮ್ಮ ತಲೆಗೇ ನುಗ್ಗಿ ಬಂದವು. ಕಡೂರಿನ ಅಣ್ಣ ಚಪ್ಪಾಳೆ ತಟ್ಟಿ ನಗುತ್ತಿದ್ದ, ನಾನೂ ನಕ್ಕೆ. ಆಮೇಲೆ ನನ್ನ ಕಾಲ ಬಳಿಯೇ ಒಡೆದ ಮೊಟ್ಟೆ ಕಂಡಿತು. ಕಲ್ಲಿನ ಬಣ್ಣವೇ, ಕಂದು ಚುಕ್ಕೆ. ಪಕ್ಕದಲ್ಲಿ ಇನ್ನೊಂದು, ಇಡಿಯದು. ರಾಜನ ಮೂತಿಗೆ ಹಳದಿ ಮೆತ್ತಿತ್ತು.

"ಹಿಡ್ಕೊಳ್ರೋ ನಾಯೀನ!" ಅಜ್ಜಿ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅಪ್ಪ ರಾಜನನ್ನು ಎತ್ತಿಕೊಂಡ. ಅಜ್ಜಿ ತೆಪ್ಪಕ್ಕೆ ಹಿಂದಿರುಗಿ ಕೂತಳು, ಕೆಳಗಿಳಿಯಲಿಲ್ಲ. "ಇದ್ದ ಜಾಗದಿಂದ ಎಬ್ಸೋದು ಹೇಗಿರುತ್ತೆ ಅಂತ ನಂಗೊತ್ತು. ನಡೀರಿ." ಬುತ್ತಿ ಬಿಚ್ಚಿದ್ದು ಆಚೆ ದಡದಲ್ಲಿ. ಮೊಸರನ್ನ ಹುಳಿ ಬಂದಿತ್ತು. ಯಾರೂ ಹೆಚ್ಚು ಮಾತಾಡಲಿಲ್ಲ.

ಅಲ್ಲಿಗೆ ಆ ಗುಡ್ಡಕ್ಕೆ ನಾವು ಕಾಲಿಡುವುದು ಮುಗಿಯಿತು. ಹಿನ್ನೀರಿನ ಕಾಡು ಅಷ್ಟರಲ್ಲಾಗಲೇ ಅಭಯಾರಣ್ಯ: 1951ರ ಜಾಗರ ಕಣಿವೆ ಅಭಯಾರಣ್ಯ 1974ರಲ್ಲಿ ದೊಡ್ಡದಾಗಿ ಭದ್ರಾ ಆಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನೊಳಗೆ ಉಳಿದಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಹೊರಬಂದವು, ಬಹಳಷ್ಟು ನಮ್ಮ ತಾಲ್ಲೂಕಿನ ಎಂ.ಸಿ. ಹಳ್ಳಿಗೆ. ನೀರಾವರಿ ಜಮೀನು, ಮನೆ, ಶಾಲೆ ಸಿಕ್ಕ ಆ ಸ್ಥಳಾಂತರವನ್ನು ದೇಶವೇ ಮಾದರಿ ಎಂದು ನೋಡಿತು. ಅಜ್ಜಿಯ ಕಾಲದವರಿಗೂ ಅಂಥ ಕಾಳಜಿ ಸಿಗಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಭದ್ರೆಯ ನೀರು ಈಗ ಅಜ್ಜಂಪುರಕ್ಕೂ ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮೇಲೆತ್ತಿದ ನೀರು ಅಜ್ಜಂಪುರದ ಸುರಂಗ ದಾಟಿ 2019ರಿಂದ ವಾಣಿವಿಲಾಸ ಸಾಗರ ಸೇರುತ್ತಿದೆ. ಅದು ವೇದಾವತಿಗೆ ಕಟ್ಟಿದ ಜಲಾಶಯ. 1933ರಲ್ಲಿ ತುಂಬಿದ್ದ ವಾಣಿವಿಲಾಸ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಅಜ್ಜಂಪುರದ ತಮ್ಮ ಫೋನಿನಲ್ಲಿ ಅಂದ: "ಅಕ್ಕಾ, ಅಜ್ಜಿಯೂರಿನ ಮೇಲೆ ನಿಂತ ನೀರು ನಮ್ಮೂರಿನ ಹೊಟ್ಟೆಯೊಳಗೆ ಹಾದು ಹೋಗ್ತಿದೆ."

ಕಳೆದ ಮೇ ತಿಂಗಳಲ್ಲಿ ತಂಗಿಯ ಸಂಸಾರ ಬೆಂಗಳೂರಿನಿಂದ ಬಂದಿತ್ತು, ಜೊತೆಗೆ ಅವರ ನಾಯಿ. ಅಭಯಾರಣ್ಯದೊಳಕ್ಕೆ ನಾಯಿ ಸಲ್ಲದು. ಹಾಗಾಗಿ ಪರಿಚಯದವರ ತೋಟದ ಅಂಚಿನಲ್ಲಿ, ಹಿನ್ನೀರು ಬಂದು ಮುಟ್ಟುವಲ್ಲಿ ಚಾಪೆ ಹಾಸಿದೆವು. ನಾಯಿಯ ಹಗ್ಗವನ್ನು ನಾನೇ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಅದು ಕಿವಿ ನಿಮಿರಿಸಿ ನೀರಿನಾಚೆ ನೋಡುತ್ತಿತ್ತು. ದೂರದ ಕೆಂಪು ನೆತ್ತಿಯ ಮೇಲೆ ಬಿಳಿ ಚುಕ್ಕೆಗಳು ಏಳುತ್ತಿದ್ದವು, ಕೂರುತ್ತಿದ್ದವು. ತಂಗಿಯ ಮಗಳು ಕೇಳಿದಳು, "ದೊಡ್ಡಮ್ಮಾ, ಆ ಐಲ್ಯಾಂಡಿಗೆ ಹೋಗಬಹುದಾ?"

ನಾನು ಬೆರಳು ಚಾಚಿ ನೀರಿನಿಂದಲೇ ಶುರುಮಾಡಿದೆ. ಇಲ್ಲಿ ಹುಣಸೆಮರ. ಇಲ್ಲಿ ಬಾವಿ. ಅದು ಕೊಟ್ಟಿಗೆ ಜಾಗ.