ಸೂಕ್ಷ್ಮದರ್ಶಕದಲ್ಲಿ ಹುಳ ಕಾಣದಿದ್ದರೆ ನೀರು ಶುದ್ಧವೇ?

ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಓಡಾಡುವ ಜೀವಿಗಳನ್ನು ತೋರಿಸುವ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ‘ಹುಳ ಕಂಡರೆ ವಿಷ, ಕಾಣದಿದ್ದರೆ ಶುದ್ಧ’ ಎನ್ನುವುದು ಇಂಥ ಫಾರ್ವರ್ಡ್‌ಗಳ ಸಾರ. ಯಲಬುರ್ಗಾ, ಕುಷ್ಟಗಿ ಕಡೆಯವರು ಇದನ್ನು ನಂಬಿದರೆ ಅಪಾಯ. ಏಕೆಂದು ನೋಡೋಣ.

ವಿಡಿಯೋದಲ್ಲಿ ಕಾಣುವುದೇನು?

ಕೆರೆ, ಹೊಂಡದ ನೀರಿನಲ್ಲಿ ಪ್ಯಾರಮೀಸಿಯಂ, ಅಮೀಬಾದಂಥ ಏಕಕೋಶ ಜೀವಿಗಳು, ಪಾಚಿ, ಪುಟ್ಟ ಜಲಜೀವಿಗಳು ಸಹಜವಾಗಿಯೇ ಇರುತ್ತವೆ. 1674ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಕೆರೆ ನೀರನ್ನು ನೋಡಿ ಬೆರಗಾಗಿದ್ದೂ ಇಂಥವುಗಳಿಗೇ. ಇವುಗಳಲ್ಲಿ ಹೆಚ್ಚಿನವು ರೋಗ ತರುವುದಿಲ್ಲ.

ಕೆಲವು ತರುತ್ತವೆ ಎನ್ನುವುದೂ ನಿಜ. ನಾರು ಹುಣ್ಣು ಹಿರಿಯರಿಗೆ ನೆನಪಿರಬಹುದು. ಕಾಲಿನಿಂದ ಉದ್ದನೆಯ ಹುಳ ಹೊರಬರುತ್ತಿದ್ದ ಈ ರೋಗ ಕರ್ನಾಟಕದಲ್ಲೂ ಇತ್ತು. ಇದರ ಮರಿಹುಳಗಳು ಸೈಕ್ಲಾಪ್ಸ್ ಎಂಬ ಜಲಜೀವಿಯ ಹೊಟ್ಟೆ ಸೇರಿ, ಆ ನೀರು ಕುಡಿದವರ ದೇಹಕ್ಕೆ ಬರುತ್ತಿದ್ದವು. ಈ ಗುಟ್ಟು ರಟ್ಟಾಗಿದ್ದು 19ನೇ ಶತಮಾನದಲ್ಲಿ, ಸೂಕ್ಷ್ಮದರ್ಶಕದಿಂದಲೇ. ದಾರಿ ತಿಳಿದ ಮೇಲೆ ಪರಿಹಾರ ಸುಲಭವಾಯಿತು: ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲು ಬಾವಿಗೆ ಇಳಿಯುವುದನ್ನು ನಿಲ್ಲಿಸುವುದು, ಕೊಳವೆ ಬಾವಿ ಕೊರೆಸುವುದು. ಲಸಿಕೆ ಇಲ್ಲದೆಯೇ ರೋಗ ಹೋಯಿತು. 2000ನೇ ಇಸವಿಯಲ್ಲಿ ಭಾರತವನ್ನು ನಾರು ಹುಣ್ಣು ಮುಕ್ತ ಎಂದು ಘೋಷಿಸಲಾಯಿತು.

ಕಾಣದಿರುವುದೇನು?

ಬ್ಯಾಕ್ಟೀರಿಯಾ: ಇ. ಕೋಲೈ ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ 500ರಲ್ಲೊಂದು ಭಾಗ. ಸಾವಿರ ಪಟ್ಟು ಹಿಗ್ಗಿಸಿದರೆ ಕಾಣುತ್ತದೆ. ಆದರೆ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು ಎನ್ನುವುದು ನಿಯಮ. 100 ಮಿಲಿಲೀಟರ್ ಎಂದರೆ ಸುಮಾರು 2,000 ಹನಿ. ಒಂದು ಹನಿ ನೋಡಿ ತೀರ್ಪು ಕೊಡಲಾಗದು. ಅದಕ್ಕೇ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುತ್ತಾರೆ.

ವೈರಸ್: ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಎಷ್ಟು ಚಿಕ್ಕದೆಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದೇ ಇಲ್ಲ.

ಫ್ಲೋರೈಡ್: ನಮ್ಮ ಭಾಗಕ್ಕೆ ಇದೇ ಮುಖ್ಯ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಇದು ಜೀವಿಯಲ್ಲ, ನೆಲದೊಳಗಿನ ಕಲ್ಲಿನಿಂದ ನೀರಿಗೆ ಕರಗಿ ಬರುವ ಅಂಶ. ಬಣ್ಣ, ವಾಸನೆ ಯಾವುದೂ ಇಲ್ಲ. ಎಂಥ ಸೂಕ್ಷ್ಮದರ್ಶಕದಲ್ಲೂ ಈ ನೀರು ನಿರ್ಮಲವಾಗಿಯೇ ಕಾಣುತ್ತದೆ. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಕೀಲು, ಮೂಳೆ ನೋವು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎನ್ನುವುದು ಭಾರತೀಯ ಮಾನದಂಡ.

ಹುಳದ ಭಯಕ್ಕೆ ತೆರೆದ ಬಾವಿ ಬಿಟ್ಟು ಕೊಳವೆ ಬಾವಿಗೆ ಬಂದೆವು. ಹುಳ ಹೋಯಿತು, ಆದರೆ ಕಾಣದ ಫ್ಲೋರೈಡ್ ಹಲವು ಊರುಗಳಲ್ಲಿ ಕೊಡಕ್ಕೆ ಬಂತು.

ಹಾಗಾದರೆ ಏನು ಮಾಡಬೇಕು?

• ನೀರನ್ನು ಕುದಿಸಿ ಕುಡಿಯಿರಿ. ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ.
• ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು.
• ಫ್ಲೋರೈಡ್ ಇರುವ ಊರಿನಲ್ಲಿ ಕುಡಿಯಲು ಮತ್ತು ಅಡುಗೆಗೆ ಸರಿಯಾಗಿ ನಿರ್ವಹಣೆಯಾಗುತ್ತಿರುವ ಆರ್‌ಒ ಘಟಕದ ನೀರನ್ನೋ ಪರೀಕ್ಷಿಸಿದ ಬೇರೆ ಮೂಲದ ನೀರನ್ನೋ ಬಳಸಿ.
• ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಾ ಕಿಟ್ ಇದೆಯೇ ಎಂದು ಕೇಳಿ, ನಿಮ್ಮ ಕೊಳವೆ ಬಾವಿಯ ನೀರನ್ನು ಪರೀಕ್ಷಿಸಿ.

ನಮ್ಮ ತೀರ್ಮಾನ: ವಿಡಿಯೋದಲ್ಲಿನ ಜೀವಿಗಳು ನಿಜ, ಅದರ ಜತೆಗಿನ ಮಾತು ತಪ್ಪು. ಮುಂದೆ ಇಂಥ ವಿಡಿಯೋ ಬಂದರೆ ಹಂಚುವ ಮೊದಲು ನಿಮ್ಮೂರಿನ ನೀರಿನ ಪರೀಕ್ಷಾ ವರದಿ ಕೇಳಿ. ಗುಂಪಿನಲ್ಲಿ ಹಂಚಬೇಕಾದದ್ದು ಆ ವರದಿ.