ಅನುದಿನದ ಆರಾಧನೆ: ಅಳ್ನಾವರ ಸೀಮೆಯ ಕ್ರೈಸ್ತ ಬದುಕಿನ ಮೂರು ನೆಲೆಗಳು

ಕರ್ನಾಟಕದಲ್ಲಿ ಕ್ರೈಸ್ತಧರ್ಮದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮೂರು ವಿಷಯಗಳತ್ತ ಗಮನ ಹರಿಸಿದ್ದಾರೆ: ಮಿಶನ್ ಕೇಂದ್ರಗಳ ಸ್ಥಾಪನೆ, ಮತಾಂತರದ ಪ್ರಮಾಣ, ಹಾಗೂ ಮುದ್ರಣ, ನಿಘಂಟು, ಶಿಕ್ಷಣಗಳ ಮೂಲಕ ಕನ್ನಡಕ್ಕೆ ಸಂದ ಸೇವೆ. ಈ ಮೂರನೆಯ ವಿಷಯದಲ್ಲಿ ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (೧೯೭೪) ದಾರಿ ತೋರಿದ ಕೃತಿ. ಆದರೆ ಕ್ರೈಸ್ತನಾದ ಒಬ್ಬ ನೇಕಾರನ ಅಥವಾ ಒಕ್ಕಲಿಗನ ದಿನಚರಿಯಲ್ಲಿ ಆರಾಧನೆ ಯಾವ ಸ್ಥಾನ ಪಡೆದಿತ್ತು, ಅದು ಭಾನುವಾರದ ಒಂದು ಗಳಿಗೆಯಿಂದ ವಾರದ ಉಳಿದ ದಿನಗಳಿಗೆ ಹೇಗೆ ಹಬ್ಬಿತು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಳ್ನಾವರ ಮತ್ತು ಅದರ ಸುತ್ತಲಿನ ಸೀಮೆಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಳ್ನಾವರ ಧಾರವಾಡದ ಪಶ್ಚಿಮಕ್ಕಿದೆ. ಬಯಲುಸೀಮೆಯ ಎರೆಭೂಮಿ ಹಿಂದೆ ಸರಿದು ಭತ್ತದ ಗದ್ದೆ ಮತ್ತು ಕಾಡು ಎದುರಾಗುವ ನೆಲೆ ಅದು. ಅದರ ದಕ್ಷಿಣಕ್ಕೆ ಹಳಿಯಾಳ, ದಾಂಡೇಲಿಗಳು. ಪಶ್ಚಿಮಕ್ಕೆ ಲೋಂಡಾ ಮಾರ್ಗವಾಗಿ ಗೋವಾ. ಪೂರ್ವಕ್ಕೆ ಧಾರವಾಡ, ಹುಬ್ಬಳ್ಳಿಗಳು. ಹೀಗಾಗಿ ಬೇರೆ ಬೇರೆ ದಿಕ್ಕಿನಿಂದ ಬಂದ ಮೂರು ಕ್ರೈಸ್ತ ಪರಂಪರೆಗಳನ್ನು ಒಟ್ಟಿಗೆ ನೋಡಲು ಈ ಸೀಮೆ ಅನುಕೂಲವಾಗಿದೆ. ಪೂರ್ವದಿಂದ ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟ್ ಭಕ್ತಿ, ರೈಲಿನೊಂದಿಗೆ ಬಂದ ದುಡಿಮೆಗಾರರ ಧರ್ಮ, ಮತ್ತು ದಕ್ಷಿಣದ ಕಾಡಿನಂಚಿನ ಕಥೊಲಿಕ ಜೀವನ ಎಂದು ಅವುಗಳನ್ನು ಗುರುತಿಸಬಹುದು.

೧. ಮನೆಯ ನೆಲೆ: ಬಾಸೆಲ್ ಮಿಶನ್

ಬಾಸೆಲ್ ಮಿಶನ್ ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಯಿತು. ಅದರ ಮಿಶನರಿಗಳಲ್ಲಿ ಬಹಳಷ್ಟು ಜನ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದವರು. ಅಲ್ಲಿನ ‘ಪಯಟಿಸಂ’ ಎಂಬ ಭಕ್ತಿಪಂಥ ಅವರನ್ನು ರೂಪಿಸಿತ್ತು. ಫಿಲಿಪ್ ಯಾಕೋಬ್ ಸ್ಪೇನರ್ ೧೬೭೫ರಲ್ಲಿ ಪ್ರಕಟಿಸಿದ ‘ಪಿಯಾ ಡೆಸಿಡೇರಿಯಾ’ ಈ ಪಂಥದ ಮೂಲಗ್ರಂಥ. ಚರ್ಚಿನ ಸಾರ್ವಜನಿಕ ಪೂಜೆಯೊಂದೇ ಸಾಲದು. ಮನೆಯಲ್ಲಿ ಕುಟುಂಬದೊಡನೆ ವೇದಪಠನ, ನೆರೆಹೊರೆಯವರ ಚಿಕ್ಕ ಕೂಟಗಳಲ್ಲಿ ಪ್ರಾರ್ಥನೆ, ವೃತ್ತಿಯಲ್ಲಿ ಪ್ರಾಮಾಣಿಕತೆ ಇವೂ ಆರಾಧನೆಯೇ ಎಂಬುದು ಅದರ ಬೋಧೆ.

೧೮೩೪ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ, ೧೮೪೧ರಲ್ಲಿ ಬೆಟಗೇರಿಯಲ್ಲಿ, ೧೮೫೧ರಲ್ಲಿ ಗುಳೇದಗುಡ್ಡದಲ್ಲಿ ಕೇಂದ್ರಗಳನ್ನು ತೆರೆಯಿತು. ಅವರು ಕಾಲಿಟ್ಟದ್ದು ಅನುದಿನದ ಪೂಜೆಗೆ ಹೊಸದಲ್ಲದ ನೆಲ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಮನೆಯಲ್ಲೇ ಪೂಜೆ ಸಲ್ಲಿಸುವ ಲಿಂಗಾಯತರಿಗೆ ಗುಡಿಯ ಮಧ್ಯಸ್ಥಿಕೆ ಬೇಕಿರಲಿಲ್ಲ. ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಧಾರ್ಮಿಕ ಬೆಲೆ ಕೊಟ್ಟ ಶರಣರ ಮಾತು ಇಲ್ಲಿ ಏಳು ಶತಮಾನಗಳಷ್ಟು ಹಳೆಯದಾಗಿತ್ತು. ಸೋಮವಾರ ಎತ್ತು ಹೂಡದ ರೂಢಿಯಿಂದ ಒಕ್ಕಲಿಗರ ವಾರಕ್ಕೂ ಒಂದು ಧಾರ್ಮಿಕ ಲಯವಿತ್ತು. ಮಿಶನರಿಗಳು ಇದನ್ನು ಕಾಣದೇ ಇರಲಿಲ್ಲ. ವುರ್ತ್ ೧೮೬೦ರ ದಶಕದಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿಗೆ ತಂದದ್ದು ಇದಕ್ಕೆ ಸಾಕ್ಷಿ. ಆದರೆ ಕಂಡದ್ದನ್ನು ತಮ್ಮ ಸಭೆಗಳ ಜೀವನಕ್ಕೆ ಅಡಿಪಾಯವಾಗಿ ಸ್ವೀಕರಿಸುವುದು ಅವರಿಗೆ ಸಾಧ್ಯವಾಗಲಿಲ್ಲ. ಅವರ ದೃಷ್ಟಿಯಲ್ಲಿ ಹೊಸ ಬದುಕು ಹಳೆಯದರಿಂದ ಪೂರ್ತಿ ಬಿಡಿಸಿಕೊಂಡೇ ಆರಂಭವಾಗಬೇಕಿತ್ತು.

ಗದಗ-ಬೆಟಗೇರಿಯ ಸಮೀಪದ ಮಲಸಮುದ್ರದ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹುಬ್ಬಳ್ಳಿ ಭಾಗದಲ್ಲಿ ಕಾಲಜ್ಞಾನ ಪರಂಪರೆಯ ಕೆಲವು ಅನುಯಾಯಿಗಳು ಮಿಶನರಿಗಳ ಬೋಧೆಯಲ್ಲಿ ಆಸಕ್ತಿ ತೋರಿದಾಗ, ಅಂಥವರಿಗಾಗಿ ೧೮೪೦ರ ದಶಕದ ಆರಂಭದಲ್ಲಿ ಅಲ್ಲೊಂದು ಕೃಷಿ ವಸಾಹತು ರೂಪುಗೊಂಡಿತು. ಉಳುಮೆ, ಪಾಠ, ಪ್ರಾರ್ಥನೆ ಒಂದೇ ಆಡಳಿತದಲ್ಲಿ ನಡೆದರೆ ದಿನವಿಡೀ ಕ್ರೈಸ್ತ ದಿನವಾಗುತ್ತದೆ ಎಂಬುದು ಅದರ ಹಿಂದಿನ ಆಶಯ. ನಿರೀಕ್ಷಿಸಿದ ಜನ ಬರಲಿಲ್ಲ. ವಸಾಹತು ಬಹುಕಾಲ ಬಾಳಲಿಲ್ಲ. ನಂತರದ ದಶಕಗಳಲ್ಲಿ ಮಿಶನ್ನಿನ ನಿರ್ದೇಶಕ ಯೋಸೆಫ್ ಯೋಸೆನ್‌ಹಾನ್ಸ್ ೧೮೫೧-೫೨ರಲ್ಲಿ ಭಾರತದ ಕೇಂದ್ರಗಳನ್ನು ಸಂದರ್ಶಿಸಿದ ಮೇಲೆ ಸಭಾನಿಯಮಗಳು ಇನ್ನಷ್ಟು ಬಿಗಿಯಾದವು. ಮದುವೆ, ಸಾಲ, ಮದ್ಯ, ಹಬ್ಬ, ಭಾನುವಾರದ ವಿಶ್ರಾಂತಿ ಎಲ್ಲವೂ ನಿಯಮದ ವ್ಯಾಪ್ತಿಗೆ ಬಂದವು. ತಪ್ಪಿದವರನ್ನು ಕರ್ತನ ಭೋಜನದಿಂದ ದೂರವಿಡಲಾಗುತ್ತಿತ್ತು.

ಈ ಶಿಸ್ತಿನ ಪಕ್ಕದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಮಂಗಳೂರಿನ ಮುದ್ರಣಾಲಯದಿಂದ ಹೊರಟ ಪುಸ್ತಕಗಳು ಮನೆಗಳನ್ನು ಸೇರಿದವು. ಬನ್ಯನ್ನನ ಕೃತಿಯ ಅನುವಾದ ‘ಯಾತ್ರಿಕನ ಸಂಚಾರ’ ೧೮೪೭ರಲ್ಲಿ ಬಂದಿತು. ೧೮೫೩ರಲ್ಲಿ ಭಾರತಕ್ಕೆ ಬಂದು ಧಾರವಾಡ ಭಾಗದಲ್ಲಿ ಕನ್ನಡವನ್ನು ಆಳವಾಗಿ ಅಭ್ಯಸಿಸಿದ ಫರ್ಡಿನಂಡ್ ಕಿಟ್ಟೆಲ್ ೧೮೬೨ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಯೇಸುವಿನ ಜೀವನವನ್ನು ಕನ್ನಡದ ದೇಸಿ ಛಂದಸ್ಸುಗಳಲ್ಲಿ ಹೇಳುವ ಈ ಕೃತಿಯ ಮಹತ್ವ ಸಾಹಿತ್ಯಕ್ಕಷ್ಟೇ ಸೀಮಿತವಲ್ಲ. ಗಮಕದ ಧಾಟಿಗೆ ಒಗ್ಗಿದ ಕಿವಿಗೆ ಷಟ್ಪದಿಯಲ್ಲಿ ಬಂದ ಕಥೆ ಓದು ಬಾರದವರ ನಾಲಿಗೆಗೂ ಎಟುಕುತ್ತದೆ. ಮಗ್ಗದ ಮುಂದೆ ಕುಳಿತವರೂ ಬೀಸುವ ಕಲ್ಲಿನ ಮುಂದೆ ಕುಳಿತವರೂ ಅದನ್ನು ಗುನುಗಬಹುದು. ನಿಯಮ ದಿನವನ್ನು ಹೊರಗಿನಿಂದ ಕಟ್ಟುತ್ತದೆ, ಹಾಡು ಅದರೊಳಗೇ ಸೇರಿಕೊಳ್ಳುತ್ತದೆ.

ಈ ಎರಡರಲ್ಲಿ ಯಾವುದು ಬೇರೂರಿತೆಂಬುದಕ್ಕೆ ಮೊದಲನೆಯ ಮಹಾಯುದ್ಧ ಪರೀಕ್ಷೆಯಾಯಿತು. ೧೯೧೪ರ ನಂತರ ಜರ್ಮನ್ ಮಿಶನರಿಗಳು ಬಂಧನಕ್ಕೂ ಗಡೀಪಾರಿಗೂ ಒಳಗಾದರು. ನಿಯಮಗಳನ್ನು ಜಾರಿಗೊಳಿಸುತ್ತಿದ್ದ ಕೈ ಇಲ್ಲದಾಯಿತು. ಸಭೆಗಳು ಮಾತ್ರ ಉಳಿದವು. ದೇಶೀಯ ಬೋಧಕರು, ಉಪದೇಶಿಗಳು, ಸಭೆಯ ಹಿರಿಯರು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮನೆವಂದಿಗರು ಅವನ್ನು ಉಳಿಸಿಕೊಂಡರು. ಇದೇ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಯನ್ನು ಸೇರಿ, ೧೯೭೦ರಲ್ಲಿ ರಚಿತವಾದ ಉತ್ತರ ಕರ್ನಾಟಕ ಸಭಾಪ್ರಾಂತದ ಅಂಗವಾದವು. ಮಿಶನರಿ ಬರಹಗಳಲ್ಲಿ ಈ ಭಾಗದ ಕ್ರೈಸ್ತರ ವಿಶ್ವಾಸ ತೆಳುವೆಂಬ ದೂರು ಮತ್ತೆ ಮತ್ತೆ ಕಾಣುತ್ತದೆ. ಯುದ್ಧಕಾಲದ ಅನುಭವ ಆ ದೂರನ್ನು ಹಾಗೆಯೇ ಒಪ್ಪಿಕೊಳ್ಳಲು ಬಿಡುವುದಿಲ್ಲ.

೨. ದುಡಿಮೆಯ ನೆಲೆ: ರೈಲು ಊರು

ಅಳ್ನಾವರ ಬಾಸೆಲ್ ಮಿಶನ್ನಿನ ಮುಖ್ಯ ಕೇಂದ್ರಗಳಲ್ಲಿ ಒಂದಾಗಿರಲಿಲ್ಲ. ಅದಕ್ಕೆ ಹೊಸ ಸ್ವರೂಪ ಕೊಟ್ಟದ್ದು ರೈಲು. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿ-ಧಾರವಾಡಗಳನ್ನು ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಮುರಗಾಂವ ಬಂದರಿಗೆ ಜೋಡಿಸಿತು. ಮುಂದೆ ದಾಂಡೇಲಿಯ ಕಾಡಿನ ಮರಮುಟ್ಟು ಸಾಗಿಸಲು ಕವಲುದಾರಿ ಹೊರಟು ಅಳ್ನಾವರ ಜಂಕ್ಷನ್ ಆಯಿತು. ಈ ಮಾರ್ಗದ ಊರುಗಳಿಗೆ ಗೋವೆಯ ಕೊಂಕಣಿ ಕ್ರೈಸ್ತರು, ಆಂಗ್ಲೋ-ಇಂಡಿಯನ್ನರು, ತಮಿಳು ಮತ್ತು ತೆಲುಗು ನಾಡಿನ ಕೆಲಸಗಾರರು ಬಂದು ಸೇರಿದರು.

ಆರಾಧನೆಯ ಚರಿತ್ರೆಯಲ್ಲಿ ರೈಲಿಗೆ ಏನು ಸ್ಥಾನ ಎಂದು ಕೇಳಬಹುದು. ಮಿಶನ್ನಿನ ಮಂಗಳೂರು, ಕಲ್ಲಿಕೋಟೆ ಕಾರ್ಖಾನೆಗಳಲ್ಲಿ ದುಡಿಮೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಭಾನುವಾರ ಯಂತ್ರ ನಿಲ್ಲುತ್ತಿತ್ತು. ರೈಲು ಯಾವ ವಾರಕ್ಕೂ ನಿಲ್ಲುವುದಿಲ್ಲ. ಸ್ಟೇಶನ್ ಮಾಸ್ತರ, ಗಾರ್ಡ್, ಗ್ಯಾಂಗ್‌ಮನ್ ಇವರ ಭಾನುವಾರ ಪಾಳಿಯ ಪಟ್ಟಿಗೆ ಸೇರಿದ್ದು. ದೇವಾಲಯದ ಗಂಟೆಗೂ ಗಾಡಿಯ ವೇಳೆಗೂ ಹೊಂದಿಕೆಯಾಗದಲ್ಲಿ ಆರಾಧನೆಗೆ ಎರಡು ದಾರಿಗಳು ಉಳಿಯುತ್ತವೆ: ಕೈಬಿಡುವುದು, ಇಲ್ಲವೇ ಮನೆಗೂ ಮೈಗೂ ಇಳಿಸಿಕೊಳ್ಳುವುದು. ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಮೊಣಕಾಲೂರಿ ಹೇಳುವ ‘ತೇರ್ಸ್’, ಅಂದರೆ ಜಪಸರ ಪ್ರಾರ್ಥನೆ, ಈ ಎರಡನೆಯ ದಾರಿ. ಅದಕ್ಕೆ ಪಾದ್ರಿಯ ಅಗತ್ಯವಿಲ್ಲ, ಪುಸ್ತಕದ ಅಗತ್ಯವಿಲ್ಲ, ಗುಡಿಯ ಅಗತ್ಯವೂ ಇಲ್ಲ. ಅದನ್ನು ನಡೆಸುವವರು ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸರು. ಊರಿಂದೂರಿಗೆ ವರ್ಗವಾಗುವ ಕುಟುಂಬ ತನ್ನ ಪಾತ್ರೆಪಡಗದೊಡನೆ ಸುಲಭವಾಗಿ ಒಯ್ಯಬಹುದಾದ ಆರಾಧನೆ ಇದು.

ಸಭೆಯ ದಾಖಲೆಗಳು ದೀಕ್ಷಾಸ್ನಾನ, ಮದುವೆ, ಮರಣಗಳನ್ನು ನಮೂದಿಸುತ್ತವೆ. ಸಂಜೆಯ ಪ್ರಾರ್ಥನೆಯನ್ನು ನಮೂದಿಸುವುದಿಲ್ಲ. ಹೀಗಾಗಿ ದಿನವೂ ನಡೆದದ್ದು ದಾಖಲೆಯ ಹೊರಗುಳಿಯುತ್ತದೆ, ಅದನ್ನು ನಡೆಸಿದ ಹೆಣ್ಣುಮಕ್ಕಳೂ ಚರಿತ್ರೆಯ ಹೊರಗುಳಿಯುತ್ತಾರೆ.

೩. ಭಾಷೆ ಮತ್ತು ನೆಲದ ನೆಲೆ: ಕಾಡಿನಂಚಿನ ಕಥೊಲಿಕರು

ಅಳ್ನಾವರದ ದಕ್ಷಿಣಕ್ಕಿರುವ ಹಳಿಯಾಳ ತಾಲ್ಲೂಕಿನಲ್ಲಿ ಕ್ರೈಸ್ತ ಸಿದ್ದಿಗಳ ವಸತಿಗಳಿವೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕೆಯಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ಘಟ್ಟದ ಕಾಡಿಗೆ ಬಂದು ನೆಲೆಸಿದವರ ವಂಶಸ್ಥರು ಇವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಧರ್ಮದವರೂ ಇದ್ದಾರೆ. ಹಿರಿಯರ ಸ್ಮರಣೆ, ಡಮಾಮಿನ ಬಡಿತಕ್ಕೆ ಕುಣಿಯುವ ಕುಣಿತ, ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನ ಸಿದ್ದಿನಾಸದ ಆರಾಧನೆ ಇವು ಮೂರು ಧರ್ಮದವರನ್ನೂ ಒಂದು ಬಳಗವಾಗಿ ಹಿಡಿದಿಟ್ಟಿವೆ. ಬಾಸೆಲ್ ಮಿಶನ್ನಿನ ಸಭಾನಿಯಮ ಇದನ್ನು ಒಪ್ಪುತ್ತಿರಲಿಲ್ಲ. ಆದರೆ ಗುಲಾಮಗಿರಿಯಲ್ಲಿ ಊರು, ಭಾಷೆ, ಹೆಸರು ಎಲ್ಲವನ್ನೂ ಕಳೆದುಕೊಂಡ ಒಂದು ಸಮುದಾಯಕ್ಕೆ ಹಿರಿಯರನ್ನು ನೆನೆಯುವುದು ತಾನು ಯಾರೆಂಬುದನ್ನು ಉಳಿಸಿಕೊಳ್ಳುವ ಏಕೈಕ ಉಪಾಯವೂ ಆಗಿದ್ದಿರಬೇಕು. ಅದನ್ನು ಕೇವಲ ವಿಶ್ವಾಸದ ಕೊರತೆಯೆಂದು ಎಣಿಸುವುದು ಚರಿತ್ರೆಗೆ ಮಾಡುವ ಅನ್ಯಾಯ.

ಬೆಳಗಾವಿ ಧರ್ಮಪ್ರಾಂತ ೧೯೫೩ರಲ್ಲಿ ಸ್ಥಾಪಿತವಾಯಿತು. ಅದರಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ ೧೯೭೬ರಲ್ಲಿ ರೂಪುಗೊಂಡಿತು. ಈ ಎರಡರ ನಡುವೆ ಬಂದ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈನಂದಿನ ಆರಾಧನೆಯ ದಿಕ್ಕನ್ನು ಬದಲಿಸಿತು. ೧೯೬೩ರ ಡಿಸೆಂಬರ್ ೪ರಂದು ಹೊರಬಿದ್ದ ಪೂಜಾವಿಧಿಯ ಸಂವಿಧಾನ ಜನಭಾಷೆಗೆ ಅವಕಾಶ ಕೊಟ್ಟಿತು. ಲ್ಯಾಟಿನ್ ಭಾಷೆಯ ಬಲಿಪೂಜೆಯಲ್ಲಿ ಮೌನವಾಗಿ ಕುಳಿತಿರುತ್ತಿದ್ದ ಜನ ಉತ್ತರ ಕೊಡುವವರಾದರು. ೧೯೬೯ರಲ್ಲಿ ಭಾರತದ ಸಭೆಗೆ ದೊರೆತ ಹನ್ನೆರಡು ಅಂಶಗಳ ಅನುಮತಿಯಿಂದ ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿದು ವಂದಿಸುವುದು, ಆರತಿ, ಎಣ್ಣೆದೀಪ ಇವು ಪೂಜೆಯೊಳಗೆ ಬಂದವು. ಮನೆಯಲ್ಲಿ ಮಾಡುವ ಭಂಗಿಗೂ ದೇವಾಲಯದಲ್ಲಿ ಮಾಡುವ ಭಂಗಿಗೂ ಇದ್ದ ಅಂತರ ಕಡಿಮೆಯಾಯಿತು. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಈ ಮೊದಲೇ ಕಾವಿ ತೊಟ್ಟು ವಿರಕ್ತಮಠದ ಮಾದರಿಯಲ್ಲಿ ಬಾಳಿ, ಒಂದು ಶತಮಾನದ ಹಿಂದೆ ಮಿಶನರಿಗಳು ಹಿಂಜರಿದ ಹೆಜ್ಜೆಯನ್ನು ಇಟ್ಟಿದ್ದರು.

ಭಾಷೆಯ ವಿಷಯದಲ್ಲಿ ಒಂದು ತೊಡಕೂ ಇದೆ. ಜನಭಾಷೆ ಎಂದಾಗ ಈ ಸೀಮೆಯಲ್ಲಿ ಅದು ಯಾವುದು? ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ, ಗಡಿಯಲ್ಲಿ ಮರಾಠಿ. ಸಂತೆಯ ಭಾಷೆಯಲ್ಲಿ ಪೂಜೆ ನಡೆದರೆ ನೆರೆಹೊರೆಯವರಿಗೆ ಅರ್ಥವಾಗುತ್ತದೆ; ಅಜ್ಜಿ ಕಲಿಸಿದ ಜಪ ಮಾತ್ರ ಬೇರೆಯಾಗಿ ಉಳಿಯುತ್ತದೆ. ಎರಡನ್ನೂ ಇಟ್ಟುಕೊಂಡು ಬಾಳುವುದನ್ನು ಗಡಿಯ ಕುಟುಂಬಗಳು ರೂಢಿಸಿಕೊಂಡಿವೆ.

ಸಮಾರೋಪ

ಮೇಲಿನ ಮೂರು ನೆಲೆಗಳನ್ನು ಒಟ್ಟಾಗಿ ಇಟ್ಟು ನೋಡಿದರೆ ಒಂದು ತೀರ್ಮಾನಕ್ಕೆ ಬರಬಹುದು. ಆರಾಧನೆ ಅನುದಿನದ ಜೀವನಕ್ರಮವಾಗಿ ಆಳಗೊಂಡದ್ದು ದಿನವನ್ನು ಹೊಸದಾಗಿ ಕಟ್ಟಲು ಹೊರಟ ಕಡೆ ಅಲ್ಲ. ಜನರ ಹಾಡು, ದುಡಿಮೆ, ಮನೆಯ ಸಂಜೆ, ಹಿರಿಯರ ನೆನಪು ಇವುಗಳಲ್ಲಿ ಅದಕ್ಕೆ ಎಡೆ ದೊರೆತ ಕಡೆ. ಮಲಸಮುದ್ರದ ವಸಾಹತು ಮುಗಿಯಿತು, ಷಟ್ಪದಿಯೂ ಜಪಸರವೂ ಮುಂದುವರಿದವು. ನಿಯಮ ವ್ಯರ್ಥವೆಂದು ಇದರ ಅರ್ಥವಲ್ಲ. ಓದು, ಮಿತ, ಪ್ರಾಮಾಣಿಕ ವ್ಯವಹಾರಗಳ ರೂಢಿಯನ್ನು ಬೆಳೆಸಿದ ಶಿಸ್ತಿನ ಋಣ ದೊಡ್ಡದು. ಆದರೆ ಆ ಶಿಸ್ತು ಬಾಳಿದ್ದೂ ಮನೆಯವರು ಅದನ್ನು ತಮ್ಮದಾಗಿಸಿಕೊಂಡ ಮಟ್ಟಿಗೆ ಮಾತ್ರ.

ಆದ್ದರಿಂದ ಈ ಸೀಮೆಯ ಕ್ರೈಸ್ತ ಚರಿತ್ರೆಯ ಮುಂದಿನ ಅಧ್ಯಯನ ಸಭೆಗಳ ದಾಖಲೆಪುಸ್ತಕಗಳ ಜೊತೆಗೆ ಮನೆಗಳ ಮೌಖಿಕ ಪರಂಪರೆಯನ್ನೂ ಆಕರವಾಗಿ ಸ್ವೀಕರಿಸಬೇಕು. ಮನೆಯಲ್ಲಿ ಹಾಡುವ ಕೀರ್ತನೆಗಳು, ಸಂಜೆಯ ಪ್ರಾರ್ಥನೆಯ ಪಾಠಾಂತರಗಳು, ರೈಲು ವಸತಿಗಳ ನೆನಪುಗಳು, ಸಿದ್ದಿ ಹಿರಿಯರ ಮಾತುಗಳು ಇವೆಲ್ಲ ಸಂಗ್ರಹವಾಗಬೇಕಾದ ಸಾಮಗ್ರಿ. ಇವನ್ನು ಬಲ್ಲವರು ವಯೋವೃದ್ಧರಾಗುತ್ತಿದ್ದಾರೆ. ಈ ಕೆಲಸವನ್ನು ತಡಮಾಡದೆ ಕೈಗೊಳ್ಳುವ ಹೊಣೆ ಸಂಶೋಧಕರ ಮೇಲಿದೆ.