ಆರ್ಚಿದೋನ: ಒಲೆಯ ಮುಂದೆ ಉಳಿದ ಮಾತು

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ, ಆಂಡೀಸ್ ಪರ್ವತಸಾಲು ಇಳಿದು ಅಮೆಜಾನ್ ಮಳೆಕಾಡು ಶುರುವಾಗುವ ಕಡೆ ಆರ್ಚಿದೋನ ಎಂಬ ಸಣ್ಣ ಊರಿದೆ. ಅಲ್ಲಿಯ ಮೂಲನಿವಾಸಿಗಳು ಕಿಚ್ವಾ ಜನ. ಕೆಚುವಾ ಭಾಷೆಯ ಒಂದು ಕವಲು ಅವರ ಮನೆಮಾತು. ಊರ ನಡುವೆ ಚರ್ಚು ಇದೆ. ಆ ಚರ್ಚಿನ ಕಥೆಯನ್ನೂ ಈ ಮಾತಿನ ಕಥೆಯನ್ನೂ ಬೇರೆಬೇರೆಯಾಗಿ ಹೇಳಲಾಗದು.

ಸ್ಪೇನಿಗರು ಈ ಊರು ಕಟ್ಟಿದ್ದು 1560ರಲ್ಲಿ. ಸುತ್ತಲಿನ ಕಿಹೋಸ್ ಜನರನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ಹತ್ತಿಬಟ್ಟೆಯನ್ನು ಕಪ್ಪವಾಗಿ ವಸೂಲು ಮಾಡತೊಡಗಿದರು. ಹಿಂಸೆ ತಾಳಲಾರದೆ 1578ರಲ್ಲಿ ಜನ ದಂಗೆಯೆದ್ದರು. ಮುಂದೆ ನಿಂತವರು 'ಪೆಂದೆ'ಗಳು, ಅಂದರೆ ಅವರ ಮಂತ್ರವಾದಿಗಳು. ಕ್ರೈಸ್ತರ ದೇವರೇ ಸ್ಪೇನಿಗರ ಮೇಲೆ ಮುನಿದಿದ್ದಾನೆಂದು ಬೆತೋ ಎಂಬ ಪೆಂದೆ ಸಾರಿದನೆಂದು ಆ ಕಾಲದ ಸ್ಪ್ಯಾನಿಷ್ ವೃತ್ತಾಂತ ಹೇಳುತ್ತದೆ. ಹೊರಗಿನಿಂದ ಬಂದ ದೇವರನ್ನೂ ಅವರು ತಮ್ಮ ಕಡೆಗೆ ಸೇರಿಸಿಕೊಂಡಿದ್ದರು! ಆರ್ಚಿದೋನ ನಾಶವಾಯಿತು. ನಾಯಕ ಹುಮಾಂದಿಯನ್ನು ಸೆರೆಹಿಡಿದು ಕೀಟೋ ನಗರದಲ್ಲಿ ಕೊಂದರು.

ಹದಿನೇಳನೆಯ ಶತಮಾನದಲ್ಲಿ ಜೆಸ್ವಿಟ್ ಪಾದ್ರಿಗಳು ಬಂದರು. ಕಾಡಿನಲ್ಲಿ ಹತ್ತಾರು ಭಾಷೆಗಳಿದ್ದವು. ಎಲ್ಲವನ್ನೂ ಕಲಿಯುವ ಬದಲು ಅವರು ಇಂಕಾ ಸಾಮ್ರಾಜ್ಯದ ಕೆಚುವಾದಲ್ಲೇ ಉಪದೇಶ ಮಾಡಿದರು. ಹೀಗೆ ಈ ಭಾಗದಲ್ಲಿ ಕಿಚ್ವಾ ಹರಡಿದ್ದರಲ್ಲಿ ಪಾದ್ರಿಗಳ ಪಾಲು ದೊಡ್ಡದು. ಹಳೆಯ ಕಿಹೋಸ್ ಮಾತು ಮರೆಯಾಯಿತು.

1767ರಲ್ಲಿ ಸ್ಪೇನಿನ ರಾಜ ಜೆಸ್ವಿಟರನ್ನು ಹೊರಗಟ್ಟಿದ. ಅಧ್ಯಕ್ಷ ಗಾರ್ಸಿಯಾ ಮೊರೇನೊ ಕಾಲದಲ್ಲಿ, 1870ರಲ್ಲಿ, ಅವರು ಮರಳಿದರು. ಕಿಚ್ವಾ ಜನರಿಗೆ ಬೇಡದ ಸರಕನ್ನು ಬಲವಂತವಾಗಿ ಸಾಲಕ್ಕೆ ಕೊಟ್ಟು, ಬದಲಿಗೆ ಚಿನ್ನ ಮತ್ತು ಕತ್ತಾಳೆಯಂಥ ಗಿಡದ ನಾರು ದೋಚುತ್ತಿದ್ದ ವ್ಯಾಪಾರಿಗಳನ್ನು ಪಾದ್ರಿಗಳು ಎದುರಿಸಿದರು, ನಿಜ. ಆದರೆ ಮಕ್ಕಳನ್ನು ಹೆತ್ತವರಿಂದ ದೂರಮಾಡಿ ಶಾಲೆಗೆ ಸೇರಿಸಿದವರೂ ಅವರೇ. 1895ರ ಉದಾರವಾದಿ ಕ್ರಾಂತಿ ಅವರನ್ನು ಮತ್ತೆ ಕಳುಹಿಸಿತು. 1922ರಲ್ಲಿ ಇಟಲಿಯ ಜೋಸೆಫೈನ್ ಪಾದ್ರಿಗಳು ಬಂದು ವಸತಿಶಾಲೆಗಳನ್ನು ತೆರೆದರು. ಅಲ್ಲಿ ಸ್ಪ್ಯಾನಿಷ್‌ಗೇ ಮನ್ನಣೆ.

ಶಾಲೆಯಲ್ಲಿ ಮನ್ನಣೆ ಸಿಗದ ಮಾತು ಮನೆಯಲ್ಲಿ ಉಳಿಯಿತು. ಅಲ್ಲಿ ಬೆಳಕು ಹರಿಯುವ ಮುಂಚೆ ಹೆಂಗಸರು ಎದ್ದು 'ವಾಯುಸ' ಎಲೆಯ ಕಷಾಯ ಕುದಿಸುತ್ತಾರೆ. ಒಲೆಯ ಸುತ್ತ ಕೂತು ಕುಡಿಯುತ್ತಾ ಮನೆಮಂದಿ ರಾತ್ರಿಯ ಕನಸು ಹೇಳಿಕೊಳ್ಳುತ್ತಾರೆ, ಹಿರಿಯರು ಹಳೆಯ ಕಥೆ ಹೇಳುತ್ತಾರೆ. ಎಲ್ಲವೂ ಕಿಚ್ವಾದಲ್ಲಿ.

2008ರ ಸಂವಿಧಾನ ಕಿಚ್ವಾಕ್ಕೆ ಅಧಿಕೃತ ಸ್ಥಾನ ಕೊಟ್ಟಿತು. ಆ ಗೌರವ ಬರುವವರೆಗೆ ಮಾತನ್ನು ಜೀವಂತವಾಗಿ ಇಟ್ಟದ್ದು ಬೆಳಗಿನ ಜಾವದ ಆ ಒಲೆ.